ಓಕ್ ಮೆಟ್ಟಿಲ ತಿರುವಿನಲ್ಲಿ

ಮುಂಡರಗಿಯ ನಮ್ಮ ಮನೆಗೆ ವೈಟ್ ಓಕ್ ಮೆಟ್ಟಿಲೇ ಬೇಕೆಂದು ಹಟ ಹಿಡಿದವಳು ನಾನು. ಹೊರದೇಶದ ಆ ಕಟ್ಟಿಗೆಯ ಗೋಧಿಬಣ್ಣ, ಉದ್ದಕ್ಕೂ ಹರಿದ ನೇರ ಎಳೆಗಳು ನನ್ನ ಮನಸ್ಸಿಗೆ ಹಿಡಿಸಿದ್ದವು. ಅತ್ತೆಗೆ ಸಾಗವಾನಿ ಆಗಬೇಕಿತ್ತು. “ಗುರುತಿಲ್ಲದ ಕಟಿಗಿ ನಂಬಿ ಹೆಂಗ ಹತ್ತೂದು?” ಎನ್ನುತ್ತಿದ್ದರು. ಆದರೂ ಮೆಣಸಿನಕಾಯಿ ಒಣಹಾಕಲು ಗೋಡೆ ಹಿಡಿದು ಮಾಳಿಗೆ ಹತ್ತುವುದನ್ನು ಬಿಟ್ಟಿರಲಿಲ್ಲ.

ಬಡಿಗೇರರು ಮೊದಲೇ ಹೇಳಿದ್ದರು: “ಭಾಳ ಗಟ್ಟಿ ಐತ್ರಿ, ಹಂಗ ವಜ್ಜಾನೂ ಐತಿ. ನೀರು ಜಲ್ದಿ ಕುಡಿಯಂಗಿಲ್ಲ. ಬ್ಯಾಸಗ್ಯಾಗ ಒಂಚೂರು ಕುಗ್ಗತೈತಿ, ಸಪ್ಪಳ ಬಂದ್ರ ಅಂಜಬ್ಯಾಡ್ರಿ.” ಉಳಿದ ಹಲಗೆಗಳಲ್ಲಿ ಅವರು ಮಾಡಿಕೊಟ್ಟ ಕುರ್ಚಿ ನನ್ನೊಬ್ಬಳಿಂದ ಅಲುಗುತ್ತಿರಲಿಲ್ಲ; ಮೇಲಿನ ಕೋಣೆಯಲ್ಲೇ ಇತ್ತು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಅತ್ತೆ ಮಾಳಿಗೆಯಲ್ಲಿ ಎದೆ ಹಿಡಿದು ಕುಸಿದರು. ಮೈಯೆಲ್ಲ ತಣ್ಣನೆಯ ಬೆವರು. ನನ್ನ ಗಂಡ ಲಕ್ಷ್ಮೇಶ್ವರಕ್ಕೆ ಹೋಗಿದ್ದರು. ಪಕ್ಕದ ಮನೆಯಾತನನ್ನು ಕೂಗಿ ಕರೆದೆ. ಇಬ್ಬರೂ ಸೇರಿ ಅವರನ್ನು ಮೇಲಿನ ಕೋಣೆಯ ನೆರಳಿಗೆ ತಂದೆವು. ಆಂಬುಲೆನ್ಸ್ ಬಂತು. ಆದರೆ ಸ್ಟ್ರೆಚರ್ ಮೆಟ್ಟಿಲಿನ ತಿರುವಿನಲ್ಲಿ ಹೊರಳಲಿಲ್ಲ.

“ಅವರನ್ನ ನಡಸಬಾರದ್ರಿ. ಗಟ್ಟಿ ಕುರ್ಚಿ ಐತೇನ್ರಿ?” ಎಂದು ಆಂಬುಲೆನ್ಸಿನವನು ಕೇಳಿದ.

ಅತ್ತೆಯನ್ನು ಆ ಓಕ್ ಕುರ್ಚಿಗೆ ಸೀರೆಯಿಂದ ಕಟ್ಟಿದೆವು. ಮುಂದೆ ಅವನೂ ಡ್ರೈವರೂ, ಹಿಂದೆ ಪಕ್ಕದ ಮನೆಯಾತನೂ ನಾನೂ. ಕುರ್ಚಿಯ ಭಾರಕ್ಕೇ ನನ್ನ ತೋಳು ಸೋತವು. ತಿರುವಿಗೆ ಬಂದಾಗ ಕಾಲಡಿಯ ಹಲಗೆ ‘ಟಕ್’ ಎಂದಿತು. ಎಲ್ಲರೂ ನಿಂತೆವು.

“ಮುರೀತೇನ್ರಿ ವೈನಿ?” ಪಕ್ಕದ ಮನೆಯಾತ ಕೇಳಿದ.

ನನಗೇನು ಗೊತ್ತು? ಒಣಗಿದ ಸಪ್ಪಳವೋ, ಸೀಳಿದ ಸಪ್ಪಳವೋ! ಅತ್ತೆಯ ತುಟಿ ನೀಲಿಗಟ್ಟುತ್ತಿತ್ತು.

“ಏನೂ ಆಗಂಗಿಲ್ಲ. ಇಳೀರಿ” ಎಂದೆ. ನನ್ನ ಮಾತಿನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಮುಂದಿನ ಹಲಗೆಯೂ ಸಪ್ಪಳ ಮಾಡಿತು, ಬಾಗಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದೆವು. ಕೆಳಗೆ ಮುಟ್ಟುವಾಗ ನನ್ನ ಕೈ ಜಾರಿ ಕುರ್ಚಿಯ ಕಾಲು ಪಾದದ ಮೇಲೆ ಬಿತ್ತು. ನೋವೂ ತಿಳಿಯಲಿಲ್ಲ.

ಗದಗಿನ ಆಸ್ಪತ್ರೆಯ ದಾರಿಯುದ್ದಕ್ಕೂ ಅತ್ತೆಯ ಎದೆ ಏರಿಳಿಯುವುದನ್ನೇ ನೋಡುತ್ತ ಕುಳಿತಿದ್ದೆ. ಆಸ್ಪತ್ರೆ ಇನ್ನೂ ದೂರವಿರುವಾಗ ಅವರು ಕಣ್ಣು ತೆರೆದು, ಮೂಗಿನ ಮೇಲಿನ ಮಾಸ್ಕ್ ಸರಿಸಿದರು.

“ಯವ್ವಾ, ನಿನ್ನ ಕಾಲಾಗ ರಕ್ತ ಬರಾಕತ್ತೈತಿ.”

ಆಗ ನನಗೆ ಅಳು ತಡೆಯಲಾಗಲಿಲ್ಲ.

ಹೃದಯಾಘಾತವೇ ಆಗಿತ್ತು, ಸಮಯಕ್ಕೆ ಮುಟ್ಟಿಸಿದಿರಿ ಎಂದರು ಡಾಕ್ಟರು. ಅತ್ತೆ ಗುಣವಾಗಿ ಮನೆಗೆ ಬಂದರು. ಆ ದಿನ ಜಜ್ಜಿದ ನನ್ನ ಕಾಲಿನ ಹೆಬ್ಬೆರಳಿನ ಉಗುರು ಉದುರಿತು. ಹೊಸದು ಬರುವವರೆಗೂ ಆ ಬೆರಳಿಗೆ ದಿನಾ ಎಣ್ಣೆ ಹಚ್ಚಿದವರು ಅವರೇ.