ಕೆಚ್ಚಲ ಗುಳಿಗೆಯ ಷಡಕ್ಷರಿ

ಗುಮಟಾಪುರದಲ್ಲಿ ಹಸು ಈದರೆ ಮನೆಯವರು ಮೊದಲು ಗಿಣ್ಣು ಕಾಸುತ್ತಿದ್ದರು, ಆಮೇಲೆ ಷಡಕ್ಷರಿಗೆ ಹೇಳಿ ಕಳಿಸುತ್ತಿದ್ದರು. ಈದ ಹಸುವಿನ ಕೆಚ್ಚಲು ಕೆಲವೊಮ್ಮೆ ನೀರು ತುಂಬಿ ಬಿಂದಿಗೆಯಂತೆ ಊದಿಕೊಳ್ಳುತ್ತದೆ. ಕರು ಬಾಯಿ ಹಾಕಿದರೆ ಒದೆಯುತ್ತದೆ. ಷಡಕ್ಷರಿ ಬಂದು ಕೆಚ್ಚಲ ಮೇಲೆ ಬೆರಳೊತ್ತಿ, ಕಣ್ಣು ಮುಚ್ಚಿ, ನಿಂಬೆಹಣ್ಣಿನ ಗಾತ್ರದ ಹಸಿರು ಗುಳಿಗೆಯೊಂದನ್ನು ಹಸುವಿನ ಗಂಟಲಿಗೆ ತಳ್ಳುತ್ತಿದ್ದ. ಒಂದು ಗಂಟೆಯೊಳಗೆ ಹಸು ಗಂಜಲ ಹೊಯ್ಯಲು ಶುರುಮಾಡಿದರೆ ಮನೆಯವರು ಕೊಟ್ಟಿಗೆಯ ಹುಲ್ಲನ್ನು ಎತ್ತಿಡಬೇಕಾಗುತ್ತಿತ್ತು. ಮೂರನೆಯ ದಿನಕ್ಕೆ ಕೆಚ್ಚಲು ಇಳಿದಿರುತ್ತಿತ್ತು.

ಯಾವ ಸೊಪ್ಪು ಎಂದು ಕೇಳಿದವರಿಗೆ ಅವನು ತಾಳಮಲೆ ಕಾಡಿನ ಕಡೆ ಕೈ ತೋರಿಸುತ್ತಿದ್ದ. ಹೆಸರು ಬಾಯಲ್ಲಿ ಹೇಳಿದರೆ ಗುಣ ಹೋಗುತ್ತದೆ ಎನ್ನುತ್ತಿದ್ದ. ಅದು ಅವನ ಹಿತ್ತಲ ನುಗ್ಗೆಸೊಪ್ಪು. ಗುಣವೆಲ್ಲ ಇದ್ದದ್ದು ಅದರೊಳಗೆ ಅರೆದು ಸೇರಿಸಿದ ಬಿಳಿ ಮಾತ್ರೆಗಳಲ್ಲಿ.

ಅವನ ತಂದೆಗೆ ಕೊನೆಗಾಲದಲ್ಲಿ ಕಾಲು ಊದಿಕೊಂಡಿತ್ತು. ಬೆರಳೊತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಚಾಮರಾಜನಗರದ ಡಾಕ್ಟರು ನೀರು ಇಳಿಸುವ ಮಾತ್ರೆ ಬರೆದರು. ಕಾಲು ಇಳಿಯಿತು, ತಂದೆ ಉಳಿಯಲಿಲ್ಲ, ಮಾತ್ರೆ ಉಳಿಯಿತು. ಅದೇ ವಾರ ಈದ ಮನೆಯ ಹಸುವಿನ ಕೆಚ್ಚಲಲ್ಲಿ ಅಂಥದೇ ಗುಳಿ ಕಂಡಾಗ ಷಡಕ್ಷರಿ ಹದಿನೈದು ಮಾತ್ರೆಗಳನ್ನು ಬೆಲ್ಲದಲ್ಲಿ ಕಲಸಿ ತಿನ್ನಿಸಿದ. ಅಂದಿನಿಂದ ಆ ಔಷಧಿ ಚೀಟಿಗೆ ಬಿಡುವಿಲ್ಲ. ಚಾಮರಾಜನಗರದ ಅಂಗಡಿಯವರ ಮಟ್ಟಿಗೆ, ತೀರಿಹೋಗಿ ಆರು ವರ್ಷವಾದರೂ ಅವನ ತಂದೆಯ ಕಾಲಿನ ಊತ ಇಳಿದಿರಲಿಲ್ಲ.

ಷಡಕ್ಷರಿಯ ಊತವೂ ಏರುತ್ತಲೇ ಇತ್ತು. ತಾಳವಾಡಿಯ ಒಂದು ಸಮಾರಂಭದಲ್ಲಿ ಅವನನ್ನು 'ಸಸ್ಯ ವೈದ್ಯ' ಎಂದು ಕರೆದು ಶಾಲು ಹೊದಿಸಿದರು. ಆ ಫೋಟೋ ಬಾಗಿಲ ಮೇಲೆ ತೂಗಿತು. ಮದುವೆ ಮನೆಗಳಲ್ಲಿ ಅವನಿಗೆ ಮುಂದಿನ ಕುರ್ಚಿ. ಹಾಸನೂರಿನಿಂದಲೂ ಜನ ಬಸ್ಸಿಳಿದು ವೈದ್ಯರ ಮನೆ ಯಾವುದು ಎಂದು ಕೇಳುತ್ತಿದ್ದರು.

ಅವನ ಅಕ್ಕ ಮಂಗಳಮ್ಮನನ್ನು ಅದೇ ಊರಿನ ಮೇಲಿನ ಬೀದಿಗೆ ಕೊಟ್ಟಿತ್ತು. ಅವಳ ಮಗ ದಯಾನಂದ್ ಕೊಯಮತ್ತೂರಿನ ಕ್ರೀಡಾ ಹಾಸ್ಟೆಲಿನಲ್ಲಿ ಫುಟ್‌ಬಾಲ್ ಕಲಿತು ಗೋವಾದ ಒಂದು ಕ್ಲಬ್ಬಿಗೆ ಆಡುತ್ತಿದ್ದ. ಚೆಂಡು ಒದೆಯುವುದಕ್ಕೂ ಸಂಬಳ ಉಂಟು ಎಂಬುದನ್ನು ನಂಬಲು ಊರಿಗೆ ಎರಡು ವರ್ಷ ಹಿಡಿದಿತ್ತು. 2009ರ ಫೆಬ್ರವರಿಯಲ್ಲಿ ಅವನು ಎಡ ಮಂಡಿ ಊದಿಸಿಕೊಂಡು ಬಂದ. ನೀರು ತುಂಬಿದೆ, ಮೂರು ವಾರ ಆಡಬೇಡ ಎಂದು ಕ್ಲಬ್ಬಿನ ಡಾಕ್ಟರು ಹೇಳಿದ್ದರು. ಅಷ್ಟು ದಿನ ಕೂತರೆ ತನ್ನ ಜಾಗಕ್ಕೆ ಇನ್ನೊಬ್ಬ ಬಂದು ನಿಲ್ಲುತ್ತಾನೆ ಎಂಬ ಸಂಕಟ ಅವನದು.

ಷಡಕ್ಷರಿ ಮಂಡಿಯ ಮೇಲೆ ಬೆರಳೊತ್ತಿ ಕಣ್ಣು ಮುಚ್ಚಿದ.

"ನೀರು ತಾನೆ? ಕೆಚ್ಚಲಲ್ಲಿ ಇದ್ರೇನು, ಮಂಡೀಲಿ ಇದ್ರೇನು ಕಣ್ಲಾ? ನೀರು ನೀರೇ. ತಕ್ಕೊ, ಬರೀ ಸೊಪ್ಪು. ಇದ ತಿಂದು ಕೆಟ್ಟೋರಿಲ್ಲ."

ನೆಲ್ಲಿಕಾಯಿ ಗಾತ್ರದ ಗುಳಿಗೆಗಳನ್ನು ಒಂದು ಡಬ್ಬಿ ತುಂಬ ಕಟ್ಟಿಕೊಟ್ಟ. ದಯಾನಂದ್ ಗೋವಾಕ್ಕೆ ಹೋಗಿ ದಿನಕ್ಕೊಂದು ನುಂಗಿದ. ಮಂಡಿ ಎಷ್ಟು ಇಳಿಯಿತೋ, ತೂಕವಂತೂ ವಾರಕ್ಕೆ ಎರಡು ಕಿಲೋ ಇಳಿಯಿತು. ಕೋಚ್ ಬೆನ್ನು ತಟ್ಟಿದರು. ಮಾರ್ಚಿನಲ್ಲಿ ಒಂದು ಪಂದ್ಯ ಮುಗಿದ ಕೂಡಲೇ ಉದ್ದೀಪನ ಮದ್ದಿನ ಪರೀಕ್ಷೆಯವರು ಬಂದು ಮೂತ್ರ ತೆಗೆದುಕೊಂಡು ಹೋದರು.

ಏಪ್ರಿಲ್‌ನಲ್ಲಿ ದಯಾನಂದ್ ಚೀಲದ ಸಮೇತ ನೇರವಾಗಿ ಮಾವನ ಜಗಲಿಗೆ ಬಂದ. ಜಗಲಿಯ ಮೇಲೆ ಕೆಳಗಿನ ಬೀದಿಯ ಪುಟ್ಟಬಸಪ್ಪ ಗುಳಿಗೆಗಾಗಿ ಕಾದು ಕೂತಿದ್ದ.

"ಮಾವ, ಸೊಪ್ಪಿನ ಜೊತೆ ಏನ ಅರದಿದ್ರಿ?"

"ಬೆಲ್ಲ."

"ಬೆಲ್ಲ ತಿಂದೋರ್ಗ ಇಂಥ ಕಾಗದ ಬರಲ್ಲ." ದಯಾನಂದ್ ದಿಲ್ಲಿಯಿಂದ ಬಂದ ಕಾಗದ ಬಿಚ್ಚಿದ. "ಮೂತ್ರ ಓಡಿಸೋ ಮಾತ್ರೆ ನನ್ನ ಉಚ್ಚೇಲಿ ಸಿಕ್ತಂತೆ. ಬೇರೆ ಕಳ್ಳ ಮದ್ದು ತಿಂದೋರು ಅದರ ಗುರುತ ತೊಳ್ಕೊಳಕ್ಕ ಇದ ನುಂಗ್ತಾರೆ, ಅದಕ್ಕೇ ಆಟಗಾರರು ಇದ ಮುಟ್ಟಂಗಿಲ್ಲ. ಈ ಸಲ ಮೂರು ಜನ ಸಿಕ್ಕಾಕ್ಕಂಡೋ. ಒಬ್ಬ ಜಿಮ್‌ನಲ್ಲಿ ಮೈ ಇಳಿಸೋ ಪುಡಿ ತಿಂದವ್ನೆ, ಇನ್ನೊಬ್ಬ ಎಂಡ್ತಿ ಮಾತ್ರೆ ನುಂಗವ್ನೆ. ನಾನು ಸೊಪ್ಪು ಅಂದೆ. ಎಲ್ರೂ ನಕ್ಕರು."

"ಸೊಪ್ಪಲ್ಲೇ ಅದು ಇರಬೋದು. ದಿಲ್ಲಿಯೋರ್ಗ ತಾಳಮಲೆ ಸೊಪ್ಪು ಏನ ಗೊತ್ತು?"

"ಅದು ಕಾರ್ಖಾನೇಲಿ ಮಾಡಾದು ಮಾವ, ಕಾಡಲ್ಲಿ ಬೆಳಿಯಲ್ಲ. ಎರಡು ವರ್ಸ ಆಡಂಗಿಲ್ಲ ಅಂತಾರೆ. ನಂಗ ಈಗಲೇ ಇಪ್ಪತ್ತೇಳು. ಎರಡು ವರ್ಸ ಬುಟ್ಟು ಓದರೆ ಯಾರು ಕರೀತಾರೆ? ನಾನೇ ಬೆರೆಸಿ ಕೊಟ್ಟೆ, ಉಡುಗನ್ಗ ಗೊತ್ತಿರ್ನಿಲ್ಲ ಅಂತ ನೀವು ಒಂದು ಕಾಗದ ಬರ್ಕೊಡಿ. ಎಂಗ ಒಟ್ಟೆಗೋಯ್ತು ಅಂತ ತೋರಿಸಿದರೆ ಶಿಕ್ಷೆ ಇಳಿಸ್ತಾರೆ. ಅದಿನೈದು ದಿನ ಟೈಮ್ ಅದೆ."

ಪುಟ್ಟಬಸಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಬಾಗಿಲ ಮೇಲಿನ ಫೋಟೋದಲ್ಲಿ ಶಾಲು ಹೊದ್ದ ಷಡಕ್ಷರಿ ಕೈ ಮುಗಿದು ನಿಂತಿದ್ದ. ಕೆಳಗಿದ್ದ ಷಡಕ್ಷರಿ ಅವನನ್ನೊಮ್ಮೆ ನೋಡಿಕೊಂಡ. ಬರೆದರೆ ಸೋದರಳಿಯ ಉಳಿಯುತ್ತಾನೆ, ವೈದ್ಯ ಹೋಗುತ್ತಾನೆ.

"ಗೋವಾ ಅಂದರೆ ಏನು ಅಂತ ನಮ್ಗೂ ಗೊತ್ತು ಪುಟ್ಟಬಸಪ್ಪ," ಎಂದು ಅವನು ಅಳಿಯನನ್ನು ಬಿಟ್ಟು ಗಿರಾಕಿಯ ಕಡೆ ತಿರುಗಿದ. "ಅಲ್ಲಿ ಏನೇನ ನುಂಗಿದನೋ, ಇಲ್ಲಿ ಬಂದು ಸೊಪ್ಪಿನ ಮೇಲ ಆಕ್ತಾನೆ."

ದಯಾನಂದ್ ಕಾಗದ ಮಡಚಿದ. ಹುಟ್ಟಿದಾಗಿನಿಂದ ಮಾವನಿಗೆ ಬಹುವಚನ ಬಿಟ್ಟು ಮಾತಾಡಿದವನಲ್ಲ.

"ಥೂ," ಎಂದ. "ನೀನೂ ಒಬ್ಬ ಮಾವನಾ?"

ಪುಟ್ಟಬಸಪ್ಪನ ಬಾಯಿಗೆ ಬಿದ್ದ ಮಾತು ಬೆಳೆಯುವುದು ತಡವಾಗಲಿಲ್ಲ. ನೀರು ಮಾತ್ರೆ ಸಂಜೆಯೊಳಗೆ ಗಾಂಜಾ ಆಯಿತು; ಮಾರನೆಯ ದಿನ ತಾಳವಾಡಿ ಸಂತೆ ಮುಟ್ಟುವಾಗ ಸೂಜಿಯಾಗಿತ್ತು. ಮಂಗಳಮ್ಮ ಹಾಲು ಹಾಕಲು ಸೊಸೈಟಿಗೆ ಹೋದರೆ ಸಾಲಿನಲ್ಲಿದ್ದವರು ಅವಳ ಮಗನ ಆರೋಗ್ಯ ವಿಚಾರಿಸಿದರು. ಅವಳು ಸಾಲು ಬಿಟ್ಟು ಪಾತ್ರೆ ಎತ್ತಿಕೊಂಡು ಬಂದಳು.

ನಾಲ್ಕು ದಿನ ಬಿಟ್ಟು ಬೆಳಿಗ್ಗೆ ಅವಳು ತನ್ನ ಕೆಂದ ಹಸುವನ್ನು ತಂದು ತಮ್ಮನ ಜಗಲಿಯ ಕಂಬಕ್ಕೆ ಕಟ್ಟಿದಳು. ಈದು ಎರಡು ದಿನವಾಗಿತ್ತು. ಕೆಚ್ಚಲು ಹಿಂಗಾಲುಗಳನ್ನು ಅಗಲಿಸಿಬಿಟ್ಟಿತ್ತು. ಹಿಂದೆ ಕರು, ಅದರ ಹಿಂದೆ ದಯಾನಂದ್. ನೋಡಲು ಪುಟ್ಟಬಸಪ್ಪ, ಇನ್ನೂ ನಾಲ್ಕು ಮನೆಯವರು.

"ಷಡಕ್ಷರಿ, ಗುಳಿಗೆ ಕೊಡ್ಲಾ."

"ಒಳಗ ಅದೆ, ತತ್ತೀನಿ ಅಕ್ಕ."

"ಒಳಗಿನದು ಬೇಡ. ಇಲ್ಲೇ ಕೂತ್ಕೊಂಡು ಅರಿ. ನಿನ್ನ ಸೊಪ್ಪು ತಾನೆ? ನನ್ನ ಕಣ್ಮುಂದ ಅರಿ."

ಅಷ್ಟು ಜನರ ಮುಂದೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಷಡಕ್ಷರಿ ಸೊಪ್ಪು ತಂದು ಅರೆದ, ಬೆಲ್ಲ ಕಲಸಿದ, ಉಂಡೆ ಕಟ್ಟಿ ಹಸುವಿನ ಗಂಟಲಿಗೆ ತಳ್ಳಿದ. ಎಲ್ಲರೂ ಕಾದು ಕೂತರು. ದಯಾನಂದ್ ಕೈಗಡಿಯಾರ ಬಿಚ್ಚಿ ಮುಂದೆ ಇಟ್ಟುಕೊಂಡ.

ಒಂದು ಗಂಟೆ ಕಳೆಯಿತು. ಹಸು ಬಾಲ ಎತ್ತಿತು. ಷಡಕ್ಷರಿ ಎದ್ದು ನಿಂತ. "ನೋಡಿ! ಬಂತು!"

ಬಂದದ್ದು ಇಷ್ಟೇ ಇಷ್ಟು.

"ಇದು ದಿನಾ ಉಯ್ಯೋದು," ಎಂದ ಪುಟ್ಟಬಸಪ್ಪ. "ನಿಮ್ಮ ಗುಳಿಗೆಗ ನನ್ನ ಕೊಟ್ಟಿಗೆ ಕೆರೆ ಆಗಿತ್ತು ಷಡಕ್ಷರಪ್ಪೋರೆ."

"ಇಷ್ಟು ಜನ ದಿಟ್ಟಿಸ್ಕೊಂಡು ಕೂತರೆ ಅದು ಎಂಗ ಉಯ್ತದೆ? ಅದಕ್ಕೂ ನಾಚಿಕೆ ಇರಲ್ವಾ?"

"ನಂಗೂ ಇತ್ತು," ಎಂದ ದಯಾನಂದ್. "ಚಡ್ಡಿ ಇಳಿಸಿ ನಿಲ್ಲಿಸಿ, ಒಬ್ಬ ಆಫೀಸರು ಮುಂದೆ ನಿಂತು ನೋಡ್ದ. ಯಾರೂ ನನ್ನ ನಾಚಿಕೆ ಕೇಳ್ನಿಲ್ಲ."

ಇನ್ನೊಂದು ಗಂಟೆಯಾಯಿತು. ಬಿಸಿಲು ಜಗಲಿಗೆ ಹತ್ತಿತು. ಷಡಕ್ಷರಿ ಹವೆಯನ್ನು ದೂರಿದ, ಹುಲ್ಲನ್ನು ದೂರಿದ, ಅಕ್ಕನ ಹಸು ಮೊದಲಿಂದಲೂ ಮೊಂಡು ಎಂದ. ಅಷ್ಟರಲ್ಲಿ ಹಸಿದ ಕರು ಹಗ್ಗ ತಪ್ಪಿಸಿಕೊಂಡು ಬಂದು ಕೆಚ್ಚಲಿಗೆ ಮೂತಿ ಗುದ್ದಿತು. ಹಸು ನೋವಿಗೆ ಅರಚಿ, ಒದ್ದು, ಕಂಬಕ್ಕೆ ಮೈ ಒತ್ತಿ ನಡುಗುತ್ತ ನಿಂತಿತು. ಷಡಕ್ಷರಿ ತನಗರಿವಿಲ್ಲದೆ ಹತ್ತಿರ ಹೋಗಿ ಕುಕ್ಕರಿಸಿ ಬೆರಳೊತ್ತಿದ. ಈ ಸಲ ಕಣ್ಣು ಮುಚ್ಚಲಿಲ್ಲ. ಗುಳಿ ಬಿದ್ದದ್ದು ಮೇಲೇಳಲೇ ಇಲ್ಲ. ತಂದೆಯ ಕಾಲಲ್ಲಿ ಬೀಳುತ್ತಿದ್ದ ಗುಳಿ.

ಎದ್ದು ಒಳಗೆ ಹೋದ. ಮಾತ್ರೆಯ ಪಟ್ಟಿಗಳನ್ನು ತಂದು ಎಲ್ಲರ ಮುಂದೆ ಜಗಲಿಯಲ್ಲಿ ಕೂತು ಒಂದೊಂದಾಗಿ ಒತ್ತಿ ತೆಗೆದ. ಟಪ್, ಟಪ್ ಎಂಬ ಸದ್ದು ಬೀದಿಗೆಲ್ಲ ಕೇಳಿತು. ಸೊಪ್ಪಿನ ಗೋಜಿಗೆ ಹೋಗದೆ ಬೆಲ್ಲದಲ್ಲಿ ಕಲಸಿ ತಿನ್ನಿಸಿದ.

ಮುಕ್ಕಾಲು ಗಂಟೆಗೆ ಜಗಲಿಯ ಕೆಳಗಿದ್ದವರೆಲ್ಲ ಕಾಲು ಮೇಲೆತ್ತಿಕೊಂಡರು.

"ನನ್ನ ಮಗನ್ಗ ಇಲ್ದ ಕರುಣೆ ಅಸುಗ ಬಂತಲ್ಲಾ?" ಎಂದಳು ಮಂಗಳಮ್ಮ.

"ಅಸು ನನ್ನ ಬಯ್ನಿಲ್ಲವಲ್ಲಕ್ಕ."

ದಯಾನಂದ್ ಖಾಲಿ ಪಟ್ಟಿಯೊಂದನ್ನು ಎತ್ತಿ, ಹಿಂದಿದ್ದ ಹೆಸರು ಓದಿ, ಲಕೋಟೆಗೆ ಹಾಕಿಕೊಂಡ. ಕಾಗದ, ಪೆನ್ನು ಮಾವನ ಮುಂದೆ ಇಟ್ಟ. ಷಡಕ್ಷರಿ ತಾಲೂಕು ಆಫೀಸಿಗೆ ಬರೆಯುವ ಹಾಗೆ 'ಮಾನ್ಯರೇ' ಎಂದು ಶುರುಮಾಡಿ, ಎಲ್ಲವನ್ನೂ ಬರೆದು, ಸಹಿಯ ಕೆಳಗೆ 'ಸಸ್ಯ ವೈದ್ಯ' ಎಂದು ಸೇರಿಸಿದ. ದಯಾನಂದ್ ಪೆನ್ನು ಕಿತ್ತುಕೊಂಡು ಆ ಎರಡು ಪದಗಳನ್ನು ಹೊಡೆದುಹಾಕಿದ.

"ಚಿಕ್ಕದಾಗಾದ್ರೂ ಇರ್ಲಿ ಬುಡ್ಲಾ."

"ಮುಚ್ಕೊಂಡು ಕೂತ್ಕೊ."

ಎರಡು ವರ್ಷದ ಶಿಕ್ಷೆ ಎಂಟು ತಿಂಗಳಿಗೆ ಇಳಿಯಿತು. ನವೆಂಬರಿನಲ್ಲಿ ಮತ್ತೆ ಆಡಬಹುದು. ಈ ಸುದ್ದಿ ಷಡಕ್ಷರಿಗೆ ತಿಳಿದದ್ದು ಚಹಾ ಅಂಗಡಿಯಲ್ಲಿ. ಅಕ್ಕನ ಮನೆಯಿಂದ ಯಾರೂ ಹೇಳಲು ಬರಲಿಲ್ಲ. ಹಸು ಈದ ಮನೆಗಳಿಂದಲೂ ಕರೆ ನಿಂತಿತು. ಪುಟ್ಟಬಸಪ್ಪ ಮಾತ್ರ ಒಂದು ದಿನ ಬಂದು, ಆಚೀಚೆ ನೋಡಿ, ಆ ಔಷಧಿ ಚೀಟಿಯನ್ನು ಎರಡು ದಿನದ ಮಟ್ಟಿಗೆ ಕೊಡುತ್ತೀರಾ ಎಂದು ಕೇಳಿದ. ಕೊಟ್ಟ ಚೀಟಿ ತಿರುಗಿ ಬರಲಿಲ್ಲ. ಈಗ ಅದು ಯಾವ ಊರಿನಲ್ಲಿದೆಯೋ. ಸತ್ತ ಮುದುಕನ ಕಾಲು ನಾಲ್ಕು ಊರಲ್ಲಿ ಊದಿಕೊಂಡೇ ಇದೆ. ಶಾಲಿನ ಫೋಟೋ ಮಾತ್ರ ಬಾಗಿಲ ಮೇಲಿತ್ತು. ಷಡಕ್ಷರಿ ಅದನ್ನು ಇಳಿಸಲಿಲ್ಲ.

ದೀಪಾವಳಿ ಕಳೆದು ಊರಿನ ಸಗಣಿ ಎರಚಾಟದ ಹಬ್ಬಕ್ಕೆ ಬೀರೇಶ್ವರನ ಗುಡಿ ಹಿಂದೆ ಸಗಣಿ ರಾಶಿ ಬಿತ್ತು. ಆ ದಿನ ಯಾರು ಯಾರಿಗೆ ಎರಚಿದರೂ ಸಿಟ್ಟಾಗುವಂತಿಲ್ಲ. ಎಲ್ಲರೂ ಸಿಕ್ಕಸಿಕ್ಕವರಿಗೆ ಎರಚುತ್ತಿದ್ದರು. ದಯಾನಂದ್ ಮಾತ್ರ ಒಬ್ಬನನ್ನೇ ಹುಡುಕಿದ. ದೊಡ್ಡ ದೊಡ್ಡ ಉಂಡೆ ಕಟ್ಟಿ, ಎಡಗಾಲು ಊರಿ, ಮಂಡಿ ಬಗ್ಗಿಸಿ, ಗುರಿಯಿಟ್ಟು ಎಸೆದ. ಮೊದಲನೆಯದು ಎದೆಗೆ, ಎರಡನೆಯದು ಬಾಯಿಗೆ, ಮೂರನೆಯದು ತಿರುಗಿದ ಬೆನ್ನಿಗೆ. ನಗು ಅವನ ಮುಖದಲ್ಲಿ ಇರಲಿಲ್ಲ. ಏಳೆಂಟು ಉಂಡೆ ಆದ ಮೇಲೆ ಕೈ ಒರೆಸಿಕೊಂಡು ಹೋದ.

ಷಡಕ್ಷರಿ ಬಾಯಲ್ಲಿದ್ದುದನ್ನು ಉಗಿದು, ಕಣ್ಣು ಒರೆಸಿಕೊಂಡು, ಪಕ್ಕದಲ್ಲಿದ್ದ ಪುಟ್ಟಬಸಪ್ಪನ ಭುಜ ಹಿಡಿದ.

"ಮಂಡಿ ನೋಡಿದ್ಯಾ ಪುಟ್ಟಬಸಪ್ಪ? ಎಡದ್ದು. ಎಂಗ ಊರಿ ನಿಂತಿದ್ದ ನೋಡಿದ್ಯಾ? ಒಂದು ಚೂರು ಊತ ಇಲ್ಲ ಕಣ."