ಆಕಾರಾಮ ಮಿಸ್ತ್ರಿಯ ಸುತ್ತಿಗೆ

ಕೊಲ್ಹಾಪುರದ ಉದ್ಯಮನಗರದಲ್ಲಿ ನಾನು ಲೇತ್ ಹಾಕಿ ಮೂವತ್ತು ವರ್ಷ. ಕೇಳಿದರೆ ನನ್ನ ಮೈಯೆಲ್ಲ ಉರಿಯುವ ಮಾತು ಒಂದೇ: 'ನಡೀತೈತಿ ಬಿಡು.' ಗಿರಾಕಿ ಹೇಳುತ್ತಾನೆ, ಫೌಂಡ್ರಿಯವನು ಹೇಳುತ್ತಾನೆ, ಎರಕದಲ್ಲಿ ಬಿರುಕು ಕಂಡರೂ ಹೇಳುತ್ತಾನೆ. ಒಂದು ಕಾಲದಲ್ಲಿ ನಾನೂ ಹೇಳಿದ್ದೇನೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಗಲ್ಲಿಯ ಆಚೆ, ನನ್ನ ಬಾಗಿಲಿಗೆ ಎದುರಾಗಿ ಆಕಾರಾಮ ಸುತಾರನ ಶೆಡ್ಡು. ಮಣ್ಣಿನ ರೇಸಿನ ಬೈಕುಗಳ ಎಂಜಿನ್ ಬಿಚ್ಚಿ ಕಟ್ಟುವುದು ಅವನ ಕಸುಬು. ಬಾಯಿ ತೆರೆದರೆ ಬೈಗುಳ. ಮಿಸಳ್ ತಂದುಕೊಟ್ಟವನಿಗೂ ಬೈದೇ ತಿನ್ನುತ್ತಾನೆ. ಆದರೂ ಜನ ಹುಡುಕಿಕೊಂಡು ಬರುತ್ತಾರೆ, ಬಂದು ಅವನ ಸುತ್ತಿಗೆ ಕಂಡು ಬೆಚ್ಚುತ್ತಾರೆ. ಎಂಜಿನ್ನಿನಿಂದ ಕ್ರ್ಯಾಂಕಿನ ಬೇರಿಂಗನ್ನು, ಆ ಉಕ್ಕಿನ ಗುಂಡು ತುಂಬಿದ ಬಳೆಯನ್ನು, ಎಳೆದು ತೆಗೆದ ಕೂಡಲೇ ಅದನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು, ಚೂರು ಹಾರದಂತೆ ಗೋಣಿತಟ್ಟು ಮುಚ್ಚಿ, ಮಾಲೀಕನ ಕಣ್ಣೆದುರೇ ಒಡೆದುಬಿಡುತ್ತಾನೆ. ಒಡೆಯದಿದ್ದರೆ ಯಾರಾದರೂ ಮತ್ತೆ ಅದನ್ನೇ ಹಾಕಿಸಿಕೊಳ್ಳುತ್ತಾರೆ ಎಂದು ಅವನಿಗೆ ಗೊತ್ತು.

"ಎಳೆಯುವಾಗ ಜೋರೆಲ್ಲಾ ಒಳಗಿನ ಗುಂಡಿನ ಮ್ಯಾಲೆ ಬೀಳ್ತೈತಿ," ಎನ್ನುತ್ತಾನೆ. "ಗುರುತು ಕಣ್ಣಿಗೆ ಕಾಣೂದಿಲ್ಲ, ಕೈಗೆ ಹತ್ತೂದಿಲ್ಲ. ಬೈಕು ಮ್ಯಾಲೆ ಹಾರಿ ಕೆಳಗ ಬಿದ್ದಾಗ ಎಂಜಿನ್ ಹಿಡಕೊಂತೈತಿ, ಹಿಂದಿನ ಗಾಲಿ ನಿಂತಬಿಡ್ತೈತಿ. ಆಗ ಗೊತ್ತಾಗ್ತೈತಿ."

ಹೋದ ಶನಿವಾರ ಫೌಂಡ್ರಿ ಮಾಲೀಕ ಸರ್ಜೇರಾವ್ ಅವನ ಶೆಡ್ಡಿನಲ್ಲಿ ನಿಂತಿದ್ದ. ನಾನು ನನ್ನ ಲೇತಿನ ಮುಂದಿಂದಲೇ ನೋಡುತ್ತಿದ್ದೆ. ಮಗಳು ಕೇತಕಿಗೆ ಮರುದಿನ ರೇಸು. ಪುಣೆಯ ರೇಸಿನ ತಂಡದವರು ಬಂದು ಒಬ್ಬರನ್ನು ಆರಿಸಿಕೊಳ್ಳುವವರಿದ್ದರು. ಬೆಳಿಗ್ಗೆ ಅವಳ ಎಂಜಿನ್ ಕರಕರ ಎಂದಿತ್ತು. ಆಕಾರಾಮ ಬಿಚ್ಚಿದ. ಆ ಅಳತೆಯ ಹೊಸ ಬೇರಿಂಗ್ ಊರಲ್ಲಿ ಎಲ್ಲೂ ಇಲ್ಲ, ಬರುವುದು ಸೋಮವಾರ. ಹಳೆಯದರ ಮೇಲೆ ಸುತ್ತಿಗೆ ಬೀಳುವ ಮೊದಲೇ ಸರ್ಜೇರಾವ್ ಅದನ್ನು ಕಿತ್ತುಕೊಂಡ.

"ಏ ಮಿಸ್ತ್ರಿ, ತಲಿ ನೆಟ್ಟಗೈತಿಲ್ಲೋ ನಿಂದು? ಕರಕರ ಅಂದದ್ದು ಪಿಸ್ಟನ್ನು, ಇದಲ್ಲ. ನೋಡು, ಹೆಂಗ ತಿರಗತೈತಿ!"

ಎಂದವನೇ ಅದಕ್ಕೆ ಗಾಳಿಯ ಪೈಪು ಹಿಡಿದ. ಬೇರಿಂಗ್ ಸುಂಯ್ ಎಂದು ತಿರುಗಿತು. ಉದ್ಯಮನಗರದ ನಾವೆಲ್ಲ ಮಾಡುವ ಪೆದ್ದತನ ಇದು. ಗಾಳಿ ಊದಿದರೆ ಸವೆದ ಬೇರಿಂಗೂ ಹಾಡುತ್ತದೆ, ನಾವು ತಲೆದೂಗುತ್ತೇವೆ.

"ಕೆಳಗಿಡ್ರಿ ಅದನ್ನ," ಎಂದ ಆಕಾರಾಮ.

"ನಾಳೆ ಒಂದು ದಿನದ ಮಾತೋ ಮಾರಾಯಾ. ಹತ್ತು ಸುತ್ತು. ನಡೀತೈತಿ ಬಿಡು."

"ನಡೀತೈತಂತ! ನಡಿಯೂದು ನಿಮ್ಮ ನಾಲಿಗಿ, ಬೈಕಿನ ಮ್ಯಾಲೆ ಕುಂದರಾಕಿ ಆಕಿ. ನಾ ಹಾಕೂದಿಲ್ಲ."

"ನೀ ಹಾಕದಿದ್ರ ಬಾಜೂದಾವ ಹಾಕ್ತಾನ. ನಿನ್ನ ಸೊಕ್ಕು ನೀನ ಇಟ್ಕೋ."

ಅದು ಸುಳ್ಳಲ್ಲ. ಪಕ್ಕದ ಗ್ಯಾರೇಜಿನವನು ಒಂದು ಗಂಟೆಯಲ್ಲಿ ಹಾಕಿ ಕೊಡುತ್ತಿದ್ದ. ಹೆಲ್ಮೆಟ್ ಬಗಲಲ್ಲಿಟ್ಟು ನಿಂತಿದ್ದ ಕೇತಕಿ, "ಕಾಕಾ, ಎರಡು ವರ್ಷ ಕಾದೇನ್ರೀ ಈ ದಿನಕ್ಕ," ಎಂದಳು. ಆಕಾರಾಮ ಅವಳ ಕಡೆ ನೋಡಲಿಲ್ಲ.

ಆಗ ಸರ್ಜೇರಾವ್ ಮಾಡಬಾರದ್ದು ಮಾಡಿದ. ಮೂಲೆಯಲ್ಲಿ ಕೂತು ಕಾರ್ಬೊರೇಟರ್ ತೊಳೆಯುತ್ತಿದ್ದ ಆಕಾರಾಮನ ತಮ್ಮ ದತ್ತೂನ ಅಂಗೈಗೆ ಬೇರಿಂಗ್ ಇಟ್ಟು, "ನೀ ರೇಸ್ ಹೊಡದಾವ. ನೀನ ಹೇಳಪಾ, ಛಲೋ ಐತಿಲ್ಲೋ?" ಎಂದ.

ದತ್ತೂನ ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಈ ಊರಿನ ಕೆಂಪು ಮಣ್ಣಿನಲ್ಲಿ ಅವನನ್ನು ಹಿಂದೆ ಹಾಕುವವರು ಇರಲಿಲ್ಲ. ಅಂದೂ ಮರುದಿನವೇ ರೇಸು, ಅಂದೂ ಹೊಸ ಬೇರಿಂಗ್ ಸಿಕ್ಕಿರಲಿಲ್ಲ. ಹಳೆಯದನ್ನು ಎಳೆದು ತೆಗೆದವನು ನಾನು. 'ಹಾಕೋ, ನಡೀತೈತಿ' ಎಂದವನೂ ನಾನೇ. ಹಾಕಿದವನು ಆಕಾರಾಮ. ಮೂರನೇ ಸುತ್ತಿನಲ್ಲಿ ದಿಬ್ಬ ಹಾರಿ ಇಳಿದಾಗ ಗಾಲಿ ನಿಂತಿತು, ಬೈಕು ಅವನ ಮೇಲೆ ಬಿತ್ತು. ಅಂದಿನಿಂದ ಅವನು ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ. ಬಂಗಾರದಂಥ ಮನುಷ್ಯ ಎಂದು ಊರು ಹೊಗಳಿತು. ಸುಡುಗಾಡು ಬಂಗಾರ! ಆ ಮೌನ ಅಣ್ಣನನ್ನು ದಿನಾ ಹುರಿಯುವುದು ಎದುರಿನ ಬಾಗಿಲಲ್ಲಿದ್ದ ನನಗೆ ಕಾಣುತ್ತಿತ್ತು.

ದತ್ತೂ ಬೇರಿಂಗನ್ನು ಪೆಟ್ರೋಲಿನಲ್ಲಿ ಅದ್ದಿ, ಒಣಗಿಸಿ, ಕಿವಿಗೆ ಹಿಡಿದು ಬೆರಳಿಂದ ಮೆಲ್ಲಗೆ ತಿರುಗಿಸಿದ. ಮತ್ತೊಮ್ಮೆ ಹಿಡಿದ. ಆಮೇಲೆ ಅಣ್ಣನನ್ನು ನೋಡಿದ.

"ದಾದಾ, ಅವತ್ತು ನೀನೂ ಹಿಂಗ ಕಿವಿಗೆ ಹಿಡಿದಿದ್ದಿ. ಎರಡು ಸಲ. ನಾ ನೋಡೇನಿ."

ಆಕಾರಾಮ ಸುತ್ತಿಗೆ ಕೆಳಗಿಟ್ಟ.

"ಮೊದಲನೇ ಸಲಕ್ಕ ಛಲೋ ಅನಿಸಿದ್ರ ಎರಡನೇ ಸಲ ಯಾಕ ಹಿಡದಿ? ಹೇಳು! ನಿನಗ ಅನುಮಾನ ಇತ್ತು. ಇದ್ದೂ ಹಾಕಿದಿ. ಆ ಲೇತಿನ್ಯಾವ ನಡೀತೈತಿ ಅಂದಾ, ಹಾಕಿದಿ!" ದತ್ತೂನ ಕೈ ಗಲ್ಲಿಯಾಚೆ ನನ್ನನ್ನು ತೋರಿಸುತ್ತಿತ್ತು. ಅವನು ಎಸೆದ ಕಾರ್ಬೊರೇಟರ್ ಶೆಡ್ಡಿನ ತಗಡಿಗೆ ಬಡಿದು ಬಿತ್ತು.

"ನಿಮ್ಮ ಮನಿ ಜಗಳಾ ಇಲ್ಲಿ ಯಾಕ," ಎಂದು ಸರ್ಜೇರಾವ್ ಬಾಯಿ ಹಾಕಿದ.

"ಆಬಾ, ನೀವು ಸುಮ್ಕಿರ್ರಿ!" ಕೇತಕಿ ಕಿರುಚಿದಳು. ದತ್ತೂನ ಕೈಯಿಂದ ಬೇರಿಂಗ್ ತೆಗೆದು ತಾನೇ ದಿಮ್ಮಿಯ ಮೇಲಿಟ್ಟಳು. ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು. "ನಾಳೆ ನಾ ಓಡ್ಸೂದಿಲ್ಲ. ಬೇಕಾದ್ರ ನೀವ ಕುಂತು ಓಡಸ್ರಿ."

ಸರ್ಜೇರಾವ್ ಮುಖ ತಿರುಗಿಸಿ ಹೊರಟುಹೋದ.

ಆಕಾರಾಮ ಗೋಣಿತಟ್ಟು ಮುಚ್ಚಿದ. ಸುತ್ತಿಗೆಯನ್ನು ಮಾತ್ರ ತಾನು ಎತ್ತದೆ ತಮ್ಮನ ಕೈಗೆ ಕೊಟ್ಟ. ದತ್ತೂ ಕೂತಲ್ಲಿಂದಲೇ ಹೊಡೆದ. ಒಂದೊಂದು ಏಟಿಗೂ ಅಣ್ಣನ ಹೆಸರು ಹಿಡಿದು, ನಾನು ಬರೆಯಲಾರದಂಥ ಮಾತುಗಳಲ್ಲಿ ಬೈದ. ಆಕಾರಾಮ ತಟ್ಟಿನ ಅಂಚು ಹಿಡಿದು ಕೂತಿದ್ದ, ಕೈ ಹಿಂದಕ್ಕೆ ತೆಗೆಯಲಿಲ್ಲ.

"ಬೈಯೋ, ಇನ್ನೂ ಬೈಯೋ," ಎಂದ. "ಇಪ್ಪತ್ತೆರಡು ವರ್ಷ ಆತು, ಇದಕ್ಕ ಕಾಯ್ಕೊಂತ ಕುಂತೇನಿ."

ಬೇರಿಂಗ್ ಒಡೆಯಿತು. ದತ್ತೂ ಸುತ್ತಿಗೆ ಕೆಳಗಿಡಲಿಲ್ಲ. ನನ್ನ ಬಾಗಿಲ ಕಡೆ ತಿರುಗಿ, "ಈಗ ನೀ ಬಾರೋ ಇಲ್ಲಿ," ಎಂದ.

ನಾನು ಲೇತ್ ನಿಲ್ಲಿಸಿ, ಕೈ ಒರೆಸಿಕೊಂಡು, ಗಲ್ಲಿ ದಾಟಿದೆ.