ಹದಿನಾರು ಟೈಪ್‌ರೈಟರ್, ಒಬ್ಬ ಉಗ್ರಪ್ಪ

ಹೊಸದುರ್ಗದ ಮೊದಲ ಬಸ್ಸು ಚಿತ್ರದುರ್ಗಕ್ಕೆ ಬಂದು ನಿಂತಿದೆ. ಅದರ ನೆತ್ತಿಯ ಮೇಲೆ ಕೋಳಿಪಂಜರ, ಈರುಳ್ಳಿ ಮೂಟೆಗಳ ನಡುವೆ ಗೋಣಿಚೀಲ ಹೊದ್ದ ನಾಲ್ಕು ಟೈಪ್‌ರೈಟರ್‌ಗಳು. ಕೆಳಗೆ ನಿಂತ ಉಗ್ರಪ್ಪ ಎರಡೂ ಕೈ ಚಾಚಿ, ಹಸುಗೂಸನ್ನು ಇಸಿದುಕೊಳ್ಳುವ ಹಾಗೆ ಒಂದೊಂದನ್ನೇ ಇಳಿಸಿಕೊಳ್ಳುತ್ತಿದ್ದಾರೆ.

"ಮೆತ್ತಗೆ ಕೊಡಪ್ಪ, ಇವತ್ತು ಇವಕ್ಕೆ ಪರೀಕ್ಷೆ ಐತೆ" ಎಂದು ಕಂಡಕ್ಟರನಿಗೆ ಹೇಳುತ್ತಾರೆ. ಪರೀಕ್ಷೆ ಬರೆಯುವ ಮಕ್ಕಳು ಇನ್ನೂ ಹಾಸಿಗೆಯಲ್ಲೇ ಇರಬೇಕು.

ಏಕಾಂತಮ್ಮನವರ ಟೈಪಿಂಗ್ ಶಾಲೆಗೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಹೀಗೆ ನಾಲ್ಕು ಊರುಗಳಲ್ಲಿ ನಾಲ್ಕು ಕೋಣೆ, ಕೋಣೆಗೆ ನಾಲ್ಕು ಮಿಷಿನ್. ಮೂಲದಲ್ಲಿ ಸೈಕಲ್ ರಿಪೇರಿಯವರಾದ ಉಗ್ರಪ್ಪ ವಾರವಿಡೀ ಬಸ್ಸು ಹತ್ತಿ ಇಳಿದು ಅವುಗಳ ಆರೈಕೆ ಮಾಡುತ್ತಾರೆ. ಹೊಳಲ್ಕೆರೆಯಲ್ಲಿ ಕಲಿತವಳು ಹಿರಿಯೂರಿನ ಮಿಷಿನ್ ಮುಂದೆ ಕೂತರೂ ತಡಕಾಡಬಾರದು ಎಂಬುದು ಏಕಾಂತಮ್ಮನವರ ಹಟ. ಅದಕ್ಕಾಗಿ ಉಗ್ರಪ್ಪನ ಚೀಲದಲ್ಲಿ ಗುರುತು ಕೊರೆದ ಬಿದಿರಿನ ಪಟ್ಟಿಯೊಂದಿದೆ. ಅಂಚು ಎಲ್ಲಿ ಶುರು, ಸಾಲು ಮುಗಿಯಿತೆನ್ನುವ ಗಂಟೆ ಎಲ್ಲಿ ಬಾರಿಸಬೇಕು, ಎಲ್ಲವೂ ಆ ಪಟ್ಟಿಯ ಪ್ರಕಾರ. ಹದಿನಾರು ಮಿಷಿನ್ನಿಗೂ ಒಂದೇ ಅಳತೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹೊಳಲ್ಕೆರೆಯ ಕೋಣೆ ಹಿಂದೆ ಬಚ್ಚಲಾಗಿದ್ದದ್ದು. ನೆಲ ಎಡಕ್ಕೆ ಇಳಿಜಾರು. ಅದನ್ನು ಸರಿದೂಗಿಸಲು ಉಗ್ರಪ್ಪ ಅಲ್ಲಿನ ಮಿಷಿನ್‌ಗಳ ಎಡಗಾಲಿನ ಕೆಳಗೆ ಹೆಂಚಿನ ಚೂರು ಕೊಟ್ಟಿದ್ದರು. ಅವು ಬೆಣ್ಣೆಯ ಹಾಗೆ ಓಡುವುದನ್ನು ಕಂಡ ಏಕಾಂತಮ್ಮ, ಇದು ಎಲ್ಲ ಊರಿಗೂ ಆಗಲಿ ಎಂದರು. ಉಗ್ರಪ್ಪನೂ ಹಿಂದೆಮುಂದೆ ನೋಡದೆ ಇನ್ನೆರಡು ಹೆಂಚು ಒಡೆದರು. ಕಳೆದ ಪರೀಕ್ಷೆಗೆ ನಾಲ್ಕೂ ಊರಿನವು ಚಿತ್ರದುರ್ಗದ ಹಾಲ್‌ನಲ್ಲಿ ಸೇರಿದಾಗ, ಅಲ್ಲಿನ ಸಪಾಟಾದ ನೆಲದ ಮೇಲೆ, ಹದಿನಾರು ಮಿಷಿನ್‌ಗಳೂ ಗುಡ್ಡ ಹತ್ತುವ ಗಾಡಿಯಂತೆ ಏದುಸಿರು ಬಿಟ್ಟವು. ಅಕ್ಷರದ ಮೇಲೆ ಅಕ್ಷರ ಕುಂತಿತು. ಹಾಲ್‌ನ ಮೂಲೆಮೂಲೆಯಿಂದ "ಉಗ್ರಪ್ಪಾ, ಉಗ್ರಪ್ಪಾ" ಎಂಬ ಕೂಗು. ಆಂಜನೇಯನ ಗುಡಿಯಲ್ಲೂ ದೇವರನ್ನು ಅಷ್ಟು ಕರೆಯುವುದಿಲ್ಲ.

ಆ ದಿನ ಫೇಲಾದವರಲ್ಲಿ ಐಮಂಗಲದ ಗಂಗಕ್ಕನೂ ಒಬ್ಬಳು. ಕುರಿ ಕಾಯುವ ಮನೆಯ ಹುಡುಗಿ, ಹಿರಿಯೂರಿಗೆ ದಿನಾ ಬಸ್ಸಿನಲ್ಲಿ ಬಂದು ಕಲಿಯುವವಳು. ಈ ಸಲವೂ ಪಾಸಾಗದಿದ್ದರೆ ಕುರಿ ಹಿಂದೆ ನಡಿ ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದಾನೆ. ಅವಳಿಗಿಂತ ಉಗ್ರಪ್ಪನಿಗೇ ಆ ಮಾತು ಹೆಚ್ಚು ಚುಚ್ಚಿದೆ.

ಅಂದಿನಿಂದ ಅವರದೊಂದು ಕಟ್ಟಳೆ. "ಅಳತೆ ನನ್ ಚೀಲದಾಗೆ, ಚಾಳಿ ಅದರ ಮನ್ಯಾಗೆ" ಎನ್ನುತ್ತಾರೆ. ಪ್ರತಿ ಮಿಷಿನ್ನಿನ ಬೆನ್ನಿಗೂ ಹೆಂಡತಿ ಹುಚ್ಚಕ್ಕ ಹೊಲಿದುಕೊಟ್ಟ ಪುಟ್ಟ ಸಂಚಿ ಕಟ್ಟಿದೆ. ಒಂದಕ್ಕೆ ಬೇಕಾದ ಸೈಕಲ್ ಟ್ಯೂಬಿನ ತುಂಡು, ಇನ್ನೊಂದಕ್ಕೆ ಬೇಕಾದ ದಾರ ಅದರದರ ಸಂಚಿಯಲ್ಲೇ ಇರಬೇಕು, ಪಕ್ಕದ್ದಕ್ಕೆ ಹೋಗಕೂಡದು. ಹೆಂಚಿನ ಚೂರು ಮಾತ್ರ ಹೊಳಲ್ಕೆರೆ ಬಿಟ್ಟು ಕದಲುವಂತಿಲ್ಲ. ಅದು ಮಿಷಿನ್ನಿನ ಚಾಳಿಯಲ್ಲ, ನೆಲದ್ದು.

ಇವತ್ತು ಅದೇ ಹಾಲ್‌ನಲ್ಲಿ ಬಿದಿರ ಪಟ್ಟಿ ಹಿಡಿದು ಸಾಲಾಗಿ ಹೋಗುತ್ತಿರುವ ಉಗ್ರಪ್ಪನ ಹಿಂದೆಯೇ ಏಕಾಂತಮ್ಮ ಬರುತ್ತಾರೆ. ಗಂಗಕ್ಕ ಕಲಿತ, ಇವತ್ತೂ ಕೂರಲಿರುವ ಹಿರಿಯೂರಿನ ಮಿಷಿನ್ನಿನಲ್ಲಿ ಎಡಗೈ ಕಿರುಬೆರಳಿನ ಕೀ ಕಲ್ಲಿನಷ್ಟು ಗಟ್ಟಿ. ಒತ್ತಿ ನೋಡಿ ಏಕಾಂತಮ್ಮ ಸಿಡಿಮಿಡಿಗೊಳ್ಳುತ್ತಾರೆ. ಇದನ್ನೂ ಉಳಿದವುಗಳ ಹಾಗೆ ಸಡಿಲ ಮಾಡು, ಈಗಲೇ, ಎಂಬ ಅಪ್ಪಣೆಯಾಗುತ್ತದೆ.

"ಆತು ಬಿಡ್ರಿ ಮೇಡಮ್ಮಾರೆ" ಎಂದು ಉಗ್ರಪ್ಪ ಸ್ಕ್ರೂಡ್ರೈವರ್ ಎತ್ತಿಕೊಂಡು, ಮಿಷಿನ್ನಿನೊಳಗೆ ತಲೆ ತೂರಿಸಿ, ಸುಮ್ಮನೆ ಟಕಟಕ ಸದ್ದು ಮಾಡುತ್ತಾರೆ. ಸ್ಕ್ರೂ ಒಂದೆಳೆಯೂ ಅಲುಗುವುದಿಲ್ಲ. ಏಕಾಂತಮ್ಮ ತೃಪ್ತಿಯಿಂದ ಮುಂದೆ ಹೋಗುತ್ತಾರೆ. ಮುಟ್ಟಲಿಲ್ಲವಲ್ಲ ಎಂದರೆ ಉಗ್ರಪ್ಪ ದನಿ ತಗ್ಗಿಸುತ್ತಾರೆ: "ಆ ಹುಡುಗಿ ಕಿರುಬೆರಳು ಅದನ್ನ ಗುದ್ದಿ ಗುದ್ದಿ ಪಳಗೈತೆ. ಇವತ್ತು ಸಡ್ಲ ಮಾಡಿದ್ರೆ ಕಾಗದ ತೂತು ಬೀಳ್ತೈತೆ. ಪರೀಕ್ಷೆ ಮುಗೀಲಿ, ಮಾಡಾಣ."

ಪರೀಕ್ಷೆಯ ಗಂಟೆ ಬಾರಿಸುತ್ತದೆ. ಹದಿನಾರು ಮಿಷಿನ್‌ಗಳು ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಸದ್ದು ಮಾಡುತ್ತವೆ. ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತ ಉಗ್ರಪ್ಪ ಒಂದು ಕಿವಿ ಒಳಗಿಟ್ಟು, ಬೀಡಿ ಹಚ್ಚುವುದನ್ನೇ ಮರೆತಿದ್ದಾರೆ. ಒಮ್ಮೆ ಯಾರೋ ಕೆಮ್ಮುತ್ತಾರೆ. ಇವರು ಎದ್ದೇ ನಿಲ್ಲುತ್ತಾರೆ. ಮತ್ತೆ ಕೂರುತ್ತಾರೆ.

ಮುಗಿದ ಮೇಲೆ ಗಂಗಕ್ಕ ಕಿರುಬೆರಳು ನೀವಿಕೊಳ್ಳುತ್ತಾ ಹೊರಗೆ ಬರುತ್ತಾಳೆ. ಕೊನೆಯ ಸಾಲಿನವರೆಗೂ ಹೊಡೆದೆ, ಎಲ್ಲೂ ಸಿಕ್ಕಲಿಲ್ಲ, ಎನ್ನುತ್ತಾಳೆ. ಮೇಡಂ ಹೇಳಿದ್ದು ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತ್ತು, ಆದರೂ ಆ ಕೀ ಸಡಿಲ ಮಾಡಲಿಲ್ಲವಾ ಎಂದು ಕೇಳುತ್ತಾಳೆ. ಉಗ್ರಪ್ಪ ಅತ್ತಿತ್ತ ನೋಡಿ ಇಲ್ಲವೆಂದು ತಲೆಯಾಡಿಸುತ್ತಾರೆ. ಅವಳ ಕಣ್ಣು ತುಂಬುತ್ತದೆ, ಇವರದೂ.

ಇನ್ನೇನು ಆಸೆ ಎಂದು ಕೇಳಿದರೆ ಅವರು ಬೀಡಿ ಹಚ್ಚುತ್ತಾರೆ. "ನನ್ ಹೆಸ್ರು ಒಬ್ರೂ ಕೂಗದ ಪರೀಕ್ಷೆ ಒಂದಾದ್ರೂ ನೋಡ್ಬೇಕು ಅಂತಿದ್ದೆ. ಇವತ್ತು ನೋಡ್ದೆ."

ಆ ಮಾತು ಮುಗಿಯುವಷ್ಟರಲ್ಲಿ ಒಳಗಿನಿಂದ ಏಕಾಂತಮ್ಮನವರ ದನಿ: "ಉಗ್ರಪ್ಪಾ, ಈ ಕೀ ಇನ್ನೂ ಗಟ್ಟಿಯಾಗೇ ಐತಲ್ಲಪ್ಪ!"

"ಬಂದೆ ಮೇಡಮ್ಮಾರೆ" ಎನ್ನುತ್ತಾ ಉಗ್ರಪ್ಪ ಎದ್ದು, ಈ ಸಲ ನಿಜವಾಗಿಯೂ ಸ್ಕ್ರೂ ತಿರುಗಿಸಲು ಹೊರಡುತ್ತಾರೆ.